ಕೆಂಪು ಕಾರಿನ ಆಹ್ವಾನ

ಡಿಸೆಂಬರ್ 12, ಗುರುವಾರ

ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ರಸ್ತೆಯ ಪಕ್ಕದ ನಮ್ಮ ಗ್ರಾಮದ ಇತಿಹಾಸದಲ್ಲಿ ಇಂದಿನ ದಿನವನ್ನು ಸುವರ್ಣಾಕ್ಷರಗಳಲ್ಲಿ ಬರೆಯತಕ್ಕದ್ದು. ಸುವರ್ಣದ ಅಭಾವವಿರುವುದರಿಂದ ನೀಲಿ ರೀಫಿಲ್ಲಿನಲ್ಲಿ ಬರೆಯುತ್ತಿದ್ದೇನೆ. ಕೆಂಪು ಕಾರು ಮರಳಿ ಬರುತ್ತಿದೆ.

ಮುಂದೊಂದು ದಿನ ಸಂಶೋಧಕರು ಈ ದಿನಚರಿಯ ಮೇಲೆ ಬೀಳುವುದು ಖಚಿತವಾದ್ದರಿಂದ ಅವರಿಗೆ ಹಿನ್ನೆಲೆ ಒದಗಿಸುವುದು ನನ್ನ ಕರ್ತವ್ಯ. ಕೆಂಪು ಕಾರು ಎಂಬುದು ಒಂದು ವಿಡಿಯೋ ಗೇಮು. ಅದರ ಇಂಗ್ಲಿಷ್ ಹೆಸರು ಥಂಡರ್ ಹೈವೇ. ನಮ್ಮೂರಲ್ಲಿ ಆ ಹೆಸರನ್ನು ಯಾರೂ ಬಳಸಿದ್ದಿಲ್ಲ. ನನ್ನ ಗೆಳೆಯ ತೇಜುವಿನ ಸೋದರಮಾವ ಮಹದೇವಣ್ಣ ಮದ್ದೂರು ರೈಲ್ವೆ ಸ್ಟೇಷನ್ನಿನ ಹತ್ತಿರ ವಿಡಿಯೋ ಗೇಮಿನ ಅಂಗಡಿ ಇಟ್ಟಿದ್ದರು. ಎಲ್ಲರ ಕೈಗೂ ಮೊಬೈಲು ಬಂದು ಅಂಗಡಿ ಮುಚ್ಚಿದಾಗ ಅಲ್ಲಿದ್ದ ಒಂದು ಪೆಟ್ಟಿಗೆಯನ್ನು, ಸ್ಟಿಯರಿಂಗು ಪೆಡಲುಗಳ ಸಮೇತ, ಟೆಂಪೋದಲ್ಲಿ ಹಾಕಿ ತಂಗಿಯ ಮನೆಗೆ ಕಳಿಸಿದರು. ಅದು ತೇಜುವಿನ ಮನೆಯ ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ನಿಂತಿತು. ಐದನೇ ಕ್ಲಾಸಿನಿಂದ ಪಿಯುಸಿಯವರೆಗೆ ನಾವಿಬ್ಬರೂ ವಿದ್ಯಾಭ್ಯಾಸ ಮಾಡಿದ್ದು ಅಲ್ಲೇ.

ಆಟ ಸರಳ. ನಲವತ್ತು ಸೆಕೆಂಡಿನಲ್ಲಿ ಮುಂದಿನ ಕಮಾನು ದಾಟಬೇಕು. ದಾಟಿದರೆ ಇನ್ನೂ ನಲವತ್ತು ಸೆಕೆಂಡು ಸಿಗುತ್ತದೆ. ಇಲ್ಲವಾದರೆ ಅಲ್ಲಿಗೆ ಮುಗಿಯಿತು. ಗುದ್ದಿದರೆ ಕಾರು ಮೂರು ಪಲ್ಟಿ ಹೊಡೆದು ಮತ್ತೆ ತಾನೇ ನೆಟ್ಟಗೆ ನಿಲ್ಲುತ್ತದೆ. ಗೆದ್ದವನು ಮೂರು ಇಂಗ್ಲಿಷ್ ಅಕ್ಷರದಲ್ಲಿ ತನ್ನ ಹೆಸರು ಹಾಕಬಹುದು. ಹತ್ತು ಸಾಲಿನ ಆ ಪಟ್ಟಿಯಲ್ಲಿ ಹತ್ತೂ ತೇಜುವಿನದೇ. ಪಿಕ್ಚರ್ ಟ್ಯೂಬು ಸುಟ್ಟುಹೋದ ದಿನ ಅವನು ಊಟ ಬಿಟ್ಟ. ನಾನು ಪೆಟ್ಟಿಗೆಗೆ ಹಾರ ಹಾಕಿ ಶ್ರದ್ಧಾಂಜಲಿ ಭಾಷಣ ಮಾಡಿ, ಹನ್ನೊಂದನೇ ದಿನ ಪಾಯಸ ಹಂಚಿದೆ.

ಈಗ ಯಾವುದೋ ಕಂಪನಿಯವರು ಅದೇ ಆಟವನ್ನು ಹೊಸದಾಗಿ ಮಾಡಿದ್ದಾರಂತೆ. ಮೊಬೈಲಿಗೂ ಬರುತ್ತದೆ, ಸೀಟು ಸ್ಟಿಯರಿಂಗು ಇರುವ ದೊಡ್ಡ ಯಂತ್ರವೂ ಬರುತ್ತದೆ. ಮಂಡ್ಯದ ನೂರಡಿ ರಸ್ತೆಯಲ್ಲಿ ಒಂದು ಗೇಮಿಂಗ್ ಸೆಂಟರಿನ ಷಟರಿನ ಮೇಲೆ 'ಶೀಘ್ರದಲ್ಲೇ' ಎಂಬ ಬ್ಯಾನರು ನೇತಾಡುತ್ತಿದೆ. ತೇಜುವಿನ ತಂಗಿ ನಯನ ಫೋಟೋ ತೋರಿಸಿದಾಗಿನಿಂದ ಅವನು ನೆಲದ ಮೇಲೆ ನಡೆಯುತ್ತಿಲ್ಲ.

ಆದ್ದರಿಂದ, ಮದ್ದೂರಿನ ಕಾಲೇಜಿನಲ್ಲಿ ಎರಡನೇ ಬಿ.ಎ. ಓದುತ್ತಿರುವ, ಊರಿನ ಸಮಸ್ತ ಅರ್ಜಿಗಳ ಲೇಖಕನಾದ, ಪಂಚಾಯ್ತಿಯ ಹೆಸರಲ್ಲಿ ಕೋಳಿ ಗಣತಿಯ ನೋಟೀಸು ಅಂಟಿಸಿ ನಮ್ಮ ಬೀದಿಯ ದೇವಿರಮ್ಮನವರು ಬುಟ್ಟಿಯಲ್ಲಿ ನಾಲ್ಕು ಕೋಳಿ ಹೊತ್ತು ಆಫೀಸಿಗೆ ಹೋಗುವಂತೆ ಮಾಡಿದ ನಾನು, ಒಂದು ನಿರ್ಣಯ ಅಂಗೀಕರಿಸಿದ್ದೇನೆ. ನನ್ನ ಎರಡನೇ ಸಿಮ್ಮಿನಿಂದ ಗೇಮಿಂಗ್ ಸೆಂಟರಿನವರ ಹಾಗೆ ತೇಜುವಿಗೆ ಒಂದು ಆಹ್ವಾನ ಹೋಗುತ್ತದೆ. ಶನಿವಾರ ಟ್ರಯಲ್, ಸಮಯಕ್ಕೆ ಬಂದ ಮೊದಲ ಹತ್ತು ಜನರ ಹೆಸರು ಗೋಡೆಯ ಮೇಲೆ. ಅವನು ಹಾರಿಕೊಂಡು ಬಂದು ಮುಚ್ಚಿದ ಷಟರಿನ ಮುಂದೆ ಬಾಯಿ ಬಿಡುತ್ತಾನೆ. ಎದುರುಗಡೆ ನಾನು ಕ್ಯಾಮೆರಾ ಹಿಡಿದು ನಿಂತಿರುತ್ತೇನೆ.

ಮೊದಲು ಮಧ್ಯಾಹ್ನ ಎರಡರೊಳಗೆ ಎಂದು ಬರೆದಿದ್ದೆ. ಅವಸರವಿಲ್ಲದ ಹಾಸ್ಯಕ್ಕೆ ಉಪ್ಪಿಲ್ಲ. ಹನ್ನೆರಡು ಎಂದು ತಿದ್ದಿದೆ.

ಡಿಸೆಂಬರ್ 14, ಶನಿವಾರ. ಮಂಡ್ಯ

ನೂರಡಿ ರಸ್ತೆ, ಬೇಕರಿಯ ಕಟ್ಟೆ. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಆಹ್ವಾನ ರವಾನೆಯಾಯಿತು. ಊರಿನಿಂದ ಬೈಕಿನಲ್ಲಿ ಇಲ್ಲಿಗೆ ಬರಲು ಅವನ ಬಳಿ ಐವತ್ತೈದು ನಿಮಿಷವಿದೆ. ಧಾರಾಳ.

11.50. ಕ್ಯಾಮೆರಾ ಸಿದ್ಧ. ಮುಖದಲ್ಲಿ ಗಾಂಭೀರ್ಯ ಅಭ್ಯಾಸ ಮಾಡುತ್ತಿದ್ದೇನೆ.

12.10. ತಡ. ಶಿಸ್ತಿಲ್ಲದ ಮನುಷ್ಯ. ಇಂಥವನನ್ನು ಪೊಲೀಸ್ ಇಲಾಖೆ ಹೇಗೆ ಸೇರಿಸಿಕೊಳ್ಳುತ್ತದೋ. ಕಾನ್ಸ್‌ಟೇಬಲ್ ಪರೀಕ್ಷೆಯ ಬರವಣಿಗೆ ಪಾಸಾಗಿದೆ, ಓಟ ಬಾಕಿ ಇದೆ, ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ಓಡುತ್ತಾನೆ. ಮಂಡ್ಯಕ್ಕೆ ಬರಲು ಮಾತ್ರ ಕಾಲಿಲ್ಲ.

12.40. ಎರಡು ಬನ್ನು ತಿಂದೆ. ಫೋನು ಎತ್ತುತ್ತಿಲ್ಲ. ವಿಷಯ ತಿಳಿದು ನನಗೇ ತಿರುಗಿಸಿ ಟೋಪಿ ಹಾಕುತ್ತಿದ್ದಾನೆಂದು ಬಲವಾದ ಅನುಮಾನ.

12.55. ನಯನಳ ಫೋನು ಬರುತ್ತಿದೆ. ಅಣ್ಣ ತಂಗಿ ಸೇರಿ ಬೈಯಲು ಇರಬೇಕು.

ಡಿಸೆಂಬರ್ 17, ಮಂಗಳವಾರ

ಬದುಕಿದ್ದಾನೆ. ಬಲಗಾಲು ಮಂಡಿಯ ಕೆಳಗೆ ಎರಡು ಕಡೆ ಮುರಿದಿದೆ. ಪಾದದ ಹತ್ತಿರ ನರಕ್ಕೆ ಏಟು. ರಾಡು ಹಾಕಿದ್ದಾರೆ.

ಸಿಮ್ಮನ್ನು ಎರಡು ತುಂಡು ಮಾಡಿ ನಾಲೆಗೆ ಎಸೆದೆ.

ಡಿಸೆಂಬರ್ 24, ಮಂಗಳವಾರ

ತೇಜು ಮನೆಗೆ ಬಂದ. ಆಟೋದಿಂದ ನಾನೇ ಎತ್ತಿ ಇಳಿಸಿದೆ.

ಸಂಶೋಧಕರಿಗೆ ಘಟನೆಯ ವರದಿ. ಊರಾಚೆಯ ತಿರುವಿನಲ್ಲಿ ಚಿಕ್ಕಬೋರಯ್ಯ ತಾತ ರಸ್ತೆಯ ಮುಕ್ಕಾಲು ಅಗಲಕ್ಕೆ ಹುರುಳಿ ಗಿಡ ಹಾಸಿದ್ದ. ಇದು ಅಪರಾಧವಲ್ಲ, ಪದ್ಧತಿ. ಕಣ ಮಾಡಿ ಸಗಣಿ ಸಾರಿಸುವವರು ಈಗ ಯಾರೂ ಇಲ್ಲ. ಸುಗ್ಗಿ ಬಂದರೆ ಎಲ್ಲರೂ ರಾಗಿ ಹುರುಳಿಯನ್ನು ಟಾರಿನ ಮೇಲೆ ಹರಡುತ್ತಾರೆ, ಬಸ್ಸು ಲಾರಿಗಳು ತುಳಿದು ಒಕ್ಕಣೆ ಮಾಡಿಕೊಡುತ್ತವೆ. ವಾಹನದವರು ತಪ್ಪಿಸಿಕೊಂಡು ಹೋಗದಿರಲಿ ಎಂದು ಖಾಲಿ ಇರುವ ಅಂಚಿನಲ್ಲಿ ಸಾಲಾಗಿ ಕಲ್ಲು ಇಡುತ್ತಾರೆ. ಹೋದ ತಿಂಗಳು ನಮ್ಮ ಮನೆಯ ರಾಗಿಗೆ ಕಲ್ಲು ಇಟ್ಟವನು ನಾನೇ. ತೇಜು ತಿರುವಿಗೆ ಬಂದಾಗ ಹುರುಳಿ ಚೆನ್ನಾಗಿ ಒಣಗಿ ಜಾರುತ್ತಿತ್ತು. ಬೈಕು ಬಿತ್ತು.

ಊರು ತೀರ್ಪು ಕೊಟ್ಟಾಗಿದೆ. ಮುದುಕನದೇ ತಪ್ಪು. ತೀರ್ಪು ಕೊಟ್ಟವರ ಪೈಕಿ ಇಬ್ಬರ ರಾಗಿ ಇವತ್ತೂ ರಸ್ತೆಯ ಮೇಲಿದೆ.

ಮಂಚದ ಮೇಲೆ ಮಲಗಿಸಿದ ಮೇಲೆ ತೇಜು ಹೇಳಿದ, "ಸ್ಪೀಡು ಜಾಸ್ತಿ ಇತ್ತು ಕಣ್ಲಾ. ಗೇಮಿನವ್ರು ಮೆಸೇಜ್ ಆಕಿದ್ರು. ಅನ್ನೆರಡಕ್ಕೆ ಒಳಗಿರ್ಬೇಕು ಅಂತ. ನಲವತ್ತು ಸೆಕೆಂಡು ಉಳ್ಕಂಡಂಗೆ ಓಡಿಸ್ದೆ."

ನಾನು ದಿಂಬು ಸರಿಮಾಡುತ್ತಿದ್ದೆ.

"ನಿಂಗೂ ಬಂದಿತ್ತೇನ್ಲಾ ಮೆಸೇಜು?"

"ಇಲ್ಲ."

ಬರದಿದ್ದದ್ದು ನಿಜವೇ.

ಜನವರಿ 7, ಮಂಗಳವಾರ

ಘನ ಸರ್ಕಾರದಿಂದ ತೇಜುವಿಗೆ ಕರೆಪತ್ರ ಬಂದಿದೆ. ಫೆಬ್ರವರಿ ಕೊನೆಯಲ್ಲಿ ಓಟ, ಸಾವಿರದ ಆರುನೂರು ಮೀಟರು. ಅವನ ತಾಯಿ ಯಶೋದಮ್ಮ ಅದನ್ನು ದೇವರ ಪಟದ ಮುಂದೆ ಇಟ್ಟು ಕುಂಕುಮ ಹಚ್ಚಿದ್ದಾರೆ. ಓದಲು ಬರದವರು. ಏನು ಬರೆದಿದೆ ಎಂದು ನನ್ನ ಕೈಯಲ್ಲಿ ಮೂರು ಸಲ ಓದಿಸಿದರು.

"ಅಷ್ಟೊತ್ಗೆ ಕಾಲು ಸರ್ಯಾಯ್ತದಲ್ವಾ ರಗು?"

"ಆಯ್ತದೆ ಚಿಕ್ಕವ್ವ," ಎಂದೆ. ಈ ಮನೆಯಲ್ಲಿ ಸುಳ್ಳು ಹೇಳುವುದು ನನಗೆ ಉಸಿರಾಡಿದಷ್ಟು ಸಲೀಸಾಗಿದೆ.

ಕೆಂಪು ಕಾರು ಮೊಬೈಲಿಗೆ ಬಂದಿದೆ. ಡೌನ್‌ಲೋಡ್ ಮಾಡಿ, ತಾಲ್ಲೂಕು ಮಟ್ಟದ ಉದ್ಘಾಟನಾ ಭಾಷಣ ಮಾಡಿ, ತೇಜುವಿನ ಕೈಗೆ ಕೊಟ್ಟೆ. ಭಾಷಣಕ್ಕೆ ನಕ್ಕ. ನಕ್ಕರೆ ಕಾಲು ಎಳೆಯುತ್ತದೆ ಎಂದು ನಿಲ್ಲಿಸಿದ. ಎರಡು ಕಮಾನು ದಾಟಿ ಒಂದು ಲಾರಿಗೆ ಗುದ್ದಿದ. ಕಾರು ಮೂರು ಪಲ್ಟಿ ಹೊಡೆದು, ಕಣ್ಣು ಮಿಟುಕಿಸಿ, ನೆಟ್ಟಗೆ ನಿಂತು ಹೊರಟೇಬಿಟ್ಟಿತು.

ತೇಜು ಫೋನನ್ನು ಹಾಸಿಗೆಯ ಮೇಲೆ ಇಟ್ಟ. "ಇದೆಲ್ಲ ಮೋಸ ಕಣ್ಲಾ. ಬಿದ್ರೆ ಅದೇ ಎತ್ ನಿಲ್ಲಿಸ್ತದೆ."

ಜನವರಿ 14, ಸಂಕ್ರಾಂತಿ

ಅವ್ವ ಎಳ್ಳು ಬೆಲ್ಲದ ತಟ್ಟೆ ಕೊಟ್ಟು ಬೀದಿಗೆಲ್ಲ ಹಂಚಿ ಬಾ ಎಂದಳು. ಚಿಕ್ಕಬೋರಯ್ಯ ತಾತನ ಮನೆಗೆ ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ತಾತ ಅಂಗಳದಲ್ಲಿ ಒಬ್ಬನೇ ಕೂತು ಕೋಲಿನಿಂದ ಹುರುಳಿ ಬಡಿಯುತ್ತಿದ್ದ. ಬಸ್ಸು ಅರ್ಧ ದಿನದಲ್ಲಿ ಮಾಡುವುದನ್ನು ಒಂದು ತಿಂಗಳಿನಿಂದ ಮಾಡುತ್ತಿದ್ದಾನೆ. ನಾಲ್ಕು ಏಟಿಗೊಮ್ಮೆ ಕೈ ಉಜ್ಜಿಕೊಳ್ಳುತ್ತಾನೆ. ಎಳ್ಳು ಬೆಲ್ಲ ಕೊಟ್ಟೆ. ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದುಕೊಂಡು ಬಾಯಿಗೆ ಹಾಕಿಕೊಳ್ಳದೆ ಹಿಡಿದುಕೊಂಡ.

"ಆ ಉಡ್ಗ ಎಂಗವ್ನೆ?"

"ಪರ್ವಾಗಿಲ್ಲ ತಾತ."

"ಕಲ್ಲ ಆ ಕಡೀಕೆ ಇಕ್ಬುಟ್ಟೆ ಕಣಪ್ಪ. ಈ ಕಡೀಕೆ ಇಕ್ಕಿದ್ರೆ ಅವ್ನು ಅಂಚ್ ಇಡ್ಕಂಡು ಬತ್ತಿದ್ದ. ಬೀಳ್ತಿರ್ಲಿಲ್ಲ." ಸ್ವಲ್ಪ ಹೊತ್ತು ಬಡಿದ. "ದಿನಾ ಅದ್ನೇ ಲೆಕ್ಕ ಆಕ್ತೀನಿ. ಆ ಕಡೀಕೆ. ಈ ಕಡೀಕೆ."

"ನೀನೇನು ಬೇಕಂತ ಮಾಡ್ದ್ಯಾ ತಾತ."

"ಯಾರ್ ಬೇಕಂತ ಮಾಡ್ತಾರೆ? ಬೇಕಂತ ಮಾಡೋನ್ಗೆ ನಿದ್ದೆ ಆದ್ರೂ ಬತ್ತದೆ."

ಇನ್ನೊಂದು ಕೋಲು ತೆಗೆದುಕೊಂಡು ಕೂತೆ. ಸಂಜೆಯವರೆಗೆ ಬಡಿದೆ. ತಟ್ಟೆಯಲ್ಲಿದ್ದ ಎಳ್ಳು ಬೆಲ್ಲವನ್ನು ಕೋಳಿ ತಿಂದಿತು. ಗಣತಿಯಲ್ಲಿ ತಪ್ಪಿಸಿಕೊಂಡಿದ್ದ ಕೋಳಿ ಇರಬೇಕು.

ಜನವರಿ 21, ಮಂಗಳವಾರ

ಇವತ್ತು ಡಾಕ್ಟರು ತೇಜುವಿನ ಪಾದ ಹಿಡಿದು ನೋಡಿ, ಓಟ ಈ ಸಲ ಅಲ್ಲ, ಮುಂದಿನ ಸಲವೂ ಹೇಳಲಾಗುವುದಿಲ್ಲ ಎಂದರಂತೆ. ಯಶೋದಮ್ಮ ಬರುವ ದಾರಿಯಲ್ಲೇ ನಿರ್ಧಾರ ಮಾಡಿಕೊಂಡು ಬಂದಿದ್ದರು. ನಾನು ಹೋದಾಗ ಜಗಲಿಯ ಮೇಲೆ ಬಿಳಿ ಹಾಳೆ ಇತ್ತು.

"ರಗು, ಕಂಪ್ಲೇಂಟ್ ಬರ್ಕೊಡು. ಆ ಮುದ್ಕನ್ ಮ್ಯಾಲೆ."

"ಚಿಕ್ಕವ್ವ, ತಾತನಿಗೆ ಎಪ್ಪತ್ತು ದಾಟ್ಯದೆ."

"ನನ್ ಮಗನ್ಗೆ ಇಪ್ಪತ್ತು."

ಒಳಗಿಂದ ತೇಜು, "ಬುಡವ್ವ, ಸ್ಪೀಡಲ್ಲಿದ್ದೋನು ನಾನು," ಎಂದ.

"ನೀನು ಸುಮ್ಕಿರು. ಸ್ಟೇಸನ್ ಮೆಟ್ಲು ಅತ್ತಿದ್ರೆ ಇನ್ಮೇಲಾದ್ರೂ ರೋಡಲ್ಲಿ ಉರ್ಳಿ ಆಕಲ್ಲ." ಆಮೇಲೆ ನನ್ನ ಕಡೆ ತಿರುಗಿದರು. ದನಿ ಇಳಿಯಿತು. "ಊರಲ್ಲಿ ದಿನಾ ಬಂದು ಅವ್ನ ಕೂರ್ಸಿ ಏಳ್ಸಿ ಮಾಡ್ತಿರೋನು ನೀನೊಬ್ನೆಯ. ನೀನು ನಂಗೆ ಇನ್ನೊಬ್ಬ ಮಗ ಕಣಪ್ಪ. ಚೆನ್ನಾಗಿ ಬರಿ. ನೀನು ಬರ್ದ್ರೆ ಆಫೀಸ್ನೋರೂ ಎದ್ ನಿಲ್ತಾರೆ."

ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು ಬಂದೆ.

ಜನವರಿ 24, ಶುಕ್ರವಾರ

ವಿಷಯ: ಸಾರ್ವಜನಿಕ ರಸ್ತೆಯಲ್ಲಿ ಧಾನ್ಯ ಹರಡಿ ಅಪಘಾತಕ್ಕೆ ಕಾರಣರಾದ ಶ್ರೀ ಚಿಕ್ಕಬೋರಯ್ಯನವರ ವಿರುದ್ಧ ಸೂಕ್ತ ಕ್ರಮ ಜರುಗಿಸುವ ಕುರಿತು.

ಮಾನ್ಯರೇ,

ಇಷ್ಟೇ. ಮೂರು ದಿನದಿಂದ ಮಾನ್ಯರೇ ಎಂಬಲ್ಲೇ ನಿಂತಿದ್ದೇನೆ.

ಜನವರಿ 26, ಭಾನುವಾರ

ಯಶೋದಮ್ಮನವರಿಗೆ ಇಲ್ಲಿಯವರೆಗೆ ಹೇಳಿದ ಕಾರಣಗಳು: ಪೆನ್ನು ಕೆಟ್ಟಿದೆ. ರಾಹುಕಾಲ. ಸಾಹೇಬರು ರಜೆ. ಕೈ ನೋವು.

ಕೈ ನೋವು ಮಾತ್ರ ನಿಜ. ಬೆಳಿಗ್ಗೆ ಹೊತ್ತು ಹುರುಳಿ ಬಡಿಯಲು ತಾತನ ಅಂಗಳಕ್ಕೆ ಹೋಗುತ್ತಿದ್ದೇನೆ.

ಜನವರಿ 30, ಗುರುವಾರ

ಗಡುವು ಬಂದಿದೆ. "ಸೋಮ್ವಾರದೊಳ್ಗೆ ಕೊಡ್ದಿದ್ರೆ ಮಳವಳ್ಳಿ ತಾಲ್ಲೂಕಾಫೀಸ್ ತಾವ ಟೈಪ್ ಮಾಡ್ಸ್ಕೊಂಡು ಓಗಿ ಕೊಡ್ತೀನಿ," ಎಂದರು ಯಶೋದಮ್ಮ. ಸುದ್ದಿ ಊರಲ್ಲಿ ಹರಡಿದೆ. ಚಿಕ್ಕಬೋರಯ್ಯ ತಾತ ಬೆಳಿಗ್ಗೆ ನನ್ನನ್ನು ಕೇಳಿದ, "ಸ್ಟೇಸನ್ಗೆ ಓಯ್ತಾ ಬಟ್ಟೆ ತಕಂಡು ಓಗ್ಬೇಕೇನಪ್ಪ? ರಾತ್ರಿ ಅಲ್ಲೇ ಮಡೀಕತಾರಾ?" ಅವನ ಕೈಯಲ್ಲಿ ಒಂದು ಚೀಲವಿತ್ತು. ಒಳಗೆ ಪಂಚೆ, ಒಂದು ಟವೆಲು, ಬೀಡಿ ಕಟ್ಟು.

ಹಾಗೇನೂ ಆಗುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಕೋಲು ತೆಗೆದುಕೊಂಡು ಬಡಿಯಲು ಕೂತೆ.

ಮಂಡ್ಯದ ಗೇಮಿಂಗ್ ಸೆಂಟರು ಮೊನ್ನೆ ನಿಜವಾಗಿಯೂ ತೆರೆಯಿತಂತೆ. ನಯನ ಹೇಳಿದಾಗ ತೇಜು ಸುಮ್ಮನಿರುತ್ತಾನೆ ಎಂದುಕೊಂಡಿದ್ದೆ. ಊರುಗೋಲು ಎಳೆದುಕೊಂಡು ಎದ್ದು ಕೂತ.

"ಭಾನ್ವಾರ ನನ್ನ ಕರ್ಕೊಂಡ್ ಓಗು ಕಣ್ಲಾ."

"ಈ ಕಾಲಲ್ಲಾ? ಬಸ್ಸಲ್ಲಿ ನೂಕಾಟ."

"ಆಟಕ್ಕಲ್ಲ. ಅವತ್ತು ಮೆಸೇಜ್ ಕಳ್ಸಿದ್ದು ಯಾರು ಅಂತ ಕೇಳ್ಬೇಕು. ಗೋಡೆ ಮೇಲೆ ಅತ್ತು ಜನದ ಎಸ್ರು ಆಕವ್ರೋ ಇಲ್ವೋ ನೋಡ್ಬೇಕು. ನಾನೊಬ್ನೇ ತಪ್ಪಿಸ್ಕಂಡ್ನಾ ಅಂತ."

ಫೆಬ್ರವರಿ 2, ಭಾನುವಾರ

ಎರಡು ಬಸ್ಸು ಬದಲಿಸಿದೆವು. ಮದ್ದೂರಿನಲ್ಲಿ ಇಳಿಸಿ ಹತ್ತಿಸುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಗೆಜ್ಜಲಗೆರೆಯಲ್ಲಿ ಫ್ಯಾಕ್ಟರಿಯ ಹೆಂಗಸೊಬ್ಬರು ಎದ್ದು ಸೀಟು ಬಿಟ್ಟುಕೊಟ್ಟರು. ಹೆಂಗಸರು ಎದ್ದು ತನಗೆ ಸೀಟು ಕೊಡುವ ಕಾಲ ಬಂತು ಎಂದು ನಕ್ಕ.

ಕೌಂಟರಿನಲ್ಲಿದ್ದ ಯುವಕನನ್ನು ತೇಜು ಕೇಳಿದ, "ಡಿಸೆಂಬರ್ ಹದಿನಾಲ್ಕಕ್ಕೆ ನಂಗೆ ಮೆಸೇಜ್ ಕಳ್ಸಿದ್ರಲ್ಲ ಸಾರ್, ಟ್ರಯಲ್ ಅಂತ."

"ಡಿಸೆಂಬರ್‌ನಲ್ಲಾ? ಆಗ ನಮ್ಗೆ ಕರೆಂಟ್ ಕನೆಕ್ಷನ್ನೇ ಬಂದಿರ್ಲಿಲ್ಲ. ನಾವ್ಯಾರ್ಗೂ ಕಳ್ಸಿಲ್ಲ. ಯಾರೋ ಆಟ ಆಡ್ಸಿರ್ಬೇಕು ಬ್ರದರ್."

ತೇಜು ಗೋಡೆ ನೋಡಿದ. ಖಾಲಿ ಇತ್ತು. "ಬಂದಿದ್ದಾಯ್ತಲ್ಲ, ಕೂರ್ಸು," ಎಂದ.

ಹೊಸ ಕೆಂಪು ಕಾರು ನಿಜವಾದ ಕಾರಿನಷ್ಟೇ ದೊಡ್ಡದು. ಸೀಟಿನಲ್ಲಿ ಕೂರಿಸಿದೆ. ಹಳೆಯದೇ ಟ್ಯೂನು ಶುರುವಾಯಿತು. ಸ್ಟಿಯರಿಂಗು ಹಿಡಿದ, ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಪೆಡಲಿನ ಮೇಲೆ ಇಟ್ಟ. ಪಾದ ಬಗ್ಗಲಿಲ್ಲ. ಕಾರು ಗೆರೆಯ ಹಿಂದೆಯೇ ನಿಂತಿತ್ತು, ಮೇಲೆ ಸೆಕೆಂಡು ಇಳಿಯುತ್ತಿತ್ತು. ತೇಜು ತನ್ನ ಕಾಲನ್ನೇ ನೋಡುತ್ತಿದ್ದ, ಬೇರೆ ಯಾರದೋ ವಸ್ತುವನ್ನು ನೋಡುವ ಹಾಗೆ.

ನಾನು ನೆಲದ ಮೇಲೆ ಕೂತು, ಸ್ಟಿಯರಿಂಗಿನ ಕೆಳಗೆ ತೂರಿ, ಅವನ ಕಾಲು ಪಕ್ಕಕ್ಕೆ ಸರಿಸಿ ಅಂಗೈಯನ್ನು ಪೆಡಲಿನ ಮೇಲೆ ಇಟ್ಟೆ. "ನೀನು ಹೇಳು, ನಾನು ಒತ್ತುತ್ತೀನಿ."

"ಒತ್ತು."

ಅಲ್ಲಿಂದ ಪರದೆ ಕಾಣುವುದಿಲ್ಲ. ಅವನ ಚಪ್ಪಲಿ, ಹೊಲಿಗೆಯ ಗುರುತು, ಕೆಳಗಿನ ವೈರುಗಳು ಇಷ್ಟೇ ಕಾಣುವುದು. "ಒತ್ತು. ಒತ್ತು. ಬುಡು, ತಿರುವು. ಈಗ ಒತ್ತು." ಒಂದು ಕಮಾನು ದಾಟಿದ ಸದ್ದಾಯಿತು. "ಒತ್ಲಾ, ಎತ್ತಿನ್ ಗಾಡಿ ಓಡುಸ್ತಿದ್ದೀಯಾ." ಎರಡನೆಯದು. ಹಿಂದೆ ಯಾರೋ ಬಂದು ನಿಂತು ನೋಡತೊಡಗಿದರು. ಮೂರನೆಯದಕ್ಕೆ ಅವನು ಕೊಟ್ಟಿಗೆಯಲ್ಲಿ ಕೂಗುತ್ತಿದ್ದ ಹಾಗೆ ಕೂಗಿದ. ಐವತ್ತು ದಿನದಲ್ಲಿ ಆ ದನಿ ಕೇಳಿರಲಿಲ್ಲ. ಅದನ್ನು ಕೇಳಿಯೂ ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗಲಿಲ್ಲ. ಮುಖ ಕಾಣುತ್ತಿರಲಿಲ್ಲವಾದ್ದರಿಂದಲೂ ಇರಬಹುದು.

"ತೇಜು. ಆ ಮೆಸೇಜು ನಾನು ಕಳ್ಸಿದ್ದು."

ಮೇಲಿನಿಂದ ಒತ್ತು ಎಂದೂ ಬರಲಿಲ್ಲ, ಬುಡು ಎಂದೂ ಬರಲಿಲ್ಲ. ನನ್ನ ಕೈ ಒತ್ತಿದಲ್ಲೇ ಇತ್ತು. ಕಾರು ಗುದ್ದುವುದು, ಪಲ್ಟಿ ಹೊಡೆಯುವುದು, ಎದ್ದು ಮತ್ತೆ ಗುದ್ದುವುದು ಕೇಳಿಸುತ್ತಿತ್ತು. ಸ್ಟಿಯರಿಂಗು ಹಿಡಿದವರಿರಲಿಲ್ಲ. ಕೊನೆಯ ಹತ್ತು ಸೆಕೆಂಡಿನ ಬೀಪು ಬಂತು, ನಿಂತಿತು.

ನಾನು ಹೊರಗೆ ಬರುವಷ್ಟರಲ್ಲಿ ಅವನು ಸೀಟಿನ ಅಂಚು ಹಿಡಿದು ತಾನೇ ಎದ್ದಿದ್ದ. ಪರದೆ ಹೆಸರಿನ ಮೂರು ಅಕ್ಷರ ಕೇಳುತ್ತಿತ್ತು. ನೋಡಲಿಲ್ಲ. ಊರುಗೋಲು ಕೊಡಲು ಕೈ ಚಾಚಿದೆ. ಇನ್ನೊಂದು ಕಡೆಯಿಂದ ಬಗ್ಗಿ ತಾನೇ ತೆಗೆದುಕೊಂಡ.

ಬಸ್ಸಿನಲ್ಲಿ ಅವನು ಮುಂದೆ ಕೂತ. ನಾನು ಹಿಂದಿನ ಬಾಗಿಲ ಹತ್ತಿರ ನಿಂತೆ. ಮದ್ದೂರಿನಲ್ಲಿ ಇಳಿಯುವಾಗ ಅವನು ಕಂಡಕ್ಟರನ ಭುಜ ಹಿಡಿದ.

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ಹೋದೆ. ಯಶೋದಮ್ಮ ಬಾಗಿಲಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದರು. ನನ್ನನ್ನು ಕಂಡು, "ಬಾ ಮಗ, ಬರ್ಕೊಂಡ್ ಬಂದ್ಯಾ?" ಎಂದರು. ತೇಜು ಏನೂ ಹೇಳಿಲ್ಲ ಎಂದು ಆಗ ತಿಳಿಯಿತು. ಅವನ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು.

"ಬರ್ದಿದ್ದೀನಿ ಚಿಕ್ಕವ್ವ. ಓದ್ತೀನಿ, ಕೇಳಿ."

ನಯನ ಅಡುಗೆಮನೆಯಿಂದ ಬಂದು ನಿಂತಳು. ಓದಿದೆ.

"ಪೊಲೀಸ್ ಠಾಣೆಯವರಿಗೆ. ಡಿಸೆಂಬರ್ ಹದಿನಾಲ್ಕರಂದು ನನ್ನ ಮಗ ತೇಜು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಅವನು ಜೋರಾಗಿ ಹೋಗುತ್ತಿದ್ದದ್ದು ಒಂದು ಮೆಸೇಜಿನಿಂದ. ಹನ್ನೆರಡರೊಳಗೆ ಮಂಡ್ಯಕ್ಕೆ ಬರಬೇಕು ಎಂದು ಅದರಲ್ಲಿತ್ತು. ಅದು ಸುಳ್ಳು. ಕಳಿಸಿದವನು ರಘುನಂದನ್."

"ಯಾವ ರಗುನಂದನ್?" ಎಂದರು ಯಶೋದಮ್ಮ.

"ನಾನು."

ಅವರ ಬೆರಳಿನಲ್ಲಿದ್ದ ಕಾಳು ಸಿಪ್ಪೆಯಿಂದ ಜಾರಿ ಬಟ್ಟಲಿಗೆ ಬಿತ್ತು. ಇನ್ನೊಂದು ತೆಗೆದುಕೊಳ್ಳಲಿಲ್ಲ. ನಯನ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು.

"ಕೊನೆಗಂಟ ಓದು."

"ತಮಾಷೆಗೆ ಕಳಿಸಿದ. ಮೊದಲು ಎರಡು ಗಂಟೆ ಎಂದು ಬರೆದಿದ್ದ. ಆಮೇಲೆ ಹನ್ನೆರಡು ಮಾಡಿದ. ಐವತ್ತು ದಿನ ಯಾರಿಗೂ ಹೇಳಲಿಲ್ಲ. ಚಿಕ್ಕಬೋರಯ್ಯನವರು ಊರಿನ ಎಲ್ಲರ ಹಾಗೆ ರಸ್ತೆಯಲ್ಲಿ ಹುರುಳಿ ಹಾಕಿದ್ದರು. ಅವರ ಮೇಲೆ ನನ್ನ ದೂರಿಲ್ಲ. ದೂರು ರಘುನಂದನ್ ಮೇಲೆ."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ದಿನಾ ಬತ್ತಿದ್ಯಲ್ಲೋ," ಎಂದರು. "ದಿನಾ ಬಂದು ನನ್ ಕೈಲಿ ಉಣ್ಣುತ್ತಿದ್ಯಲ್ಲೋ."

ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು, "ಎಲ್ ಆಕ್ಬೇಕು ಸೈನು?" ಎಂದರು. ಹಾಳೆಯನ್ನು ಜಗಲಿಯ ಮೇಲೆ ಹರಡಿ ತೋರಿಸಿದೆ. ನನ್ನ ಪೆನ್ನು ಚಾಚಿದೆ, ಮುಟ್ಟಲಿಲ್ಲ. ನಯನಳ ಪೆನ್ನು ತರಿಸಿ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಅವರಿಗೆ ಬರೆಯಲು ಬರುವುದು ಅದೊಂದೇ. 'ಮ್ಮ' ಬರೆಯುವಾಗ ಒತ್ತು ಓರೆಯಾಯಿತು.

ಹಾಳೆ ಮಡಚಿ ಎದ್ದೆ. ಒಂಬತ್ತೂವರೆಯ ಮಳವಳ್ಳಿ ಬಸ್ಸಿಗೆ ಹೊರಡಬೇಕಿತ್ತು. ಮೆಟ್ಟಿಲು ಇಳಿಯುವಾಗ ಕೋಣೆಯೊಳಗಿನಿಂದ ತೇಜುವಿನ ದನಿ ಬಂತು.

"ಡೇಟ್ ಆಕಿದ್ದೀಯೇನ್ಲಾ?"

ಹಾಳೆ ಬಿಡಿಸಿ ನೋಡಿದೆ. ಹಾಕಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಹಾಕಿದೆ.